ಬಂಪ್ ಸ್ಟಾಪ್: ಆಫ್‌ರೋಡ್ ಟ್ರಕ್ಕಿಗೆ ಯಾವುದು, ಎಷ್ಟೆತ್ತರ, ಎಲ್ಲಿ?

ಗಾಡಿ ಗುಂಡಿಗೆ ಬಿದ್ದು ಎದ್ದಾಗ ಚಕ್ರ ಮೇಲಕ್ಕೆ ನುಗ್ಗುತ್ತದೆ. ಸ್ಪ್ರಿಂಗ್ ಕುಗ್ಗಿ ಅದನ್ನು ತಡೆಯುತ್ತದೆ, ಶಾಕ್ ಅಬ್ಸಾರ್ಬರ್ ಅದರ ವೇಗವನ್ನು ನುಂಗುತ್ತದೆ. ಎರಡರ ಕೈಯನ್ನೂ ಮೀರಿ ಚಕ್ರ ಇನ್ನೂ ಏರುತ್ತಿದ್ದರೆ ಚಾಸಿಗೂ ಆಕ್ಸಲ್‌ಗೂ ನಡುವೆ ಉಳಿಯುವುದು ಒಂದು ರಬ್ಬರ್ ತುಂಡು ಮಾತ್ರ. ಅದೇ ಬಂಪ್ ಸ್ಟಾಪ್. ಗ್ಯಾರೇಜಿನಲ್ಲಿ ‘ಬಂಪ್ ರಬ್ಬರ್’, ‘ಸ್ಟಾಪರ್’ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ. ಟೈರು, ಶಾಕ್, ಲಿಫ್ಟ್ ಕಿಟ್ಟುಗಳಿಗೆ ಲಕ್ಷಗಟ್ಟಲೆ ಸುರಿದವರೂ ಇದರ ಕಡೆ ತಿರುಗಿ ನೋಡುವುದು ಏನಾದರೂ ಮುರಿದ ಮೇಲೆಯೇ.

ಆಯ್ಕೆಯ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿಯದ್ದು, ರಬ್ಬರೋ ಪಾಲಿಯುರೆಥೇನೋ ಎಂದು. ಆ ಪ್ರಶ್ನೆ ಬರಬೇಕಾದದ್ದು ಕೊನೆಯಲ್ಲಿ. ಚಕ್ರ ಎಲ್ಲಿ ನಿಲ್ಲಬೇಕು, ಅಲ್ಲಿ ನಿಲ್ಲುವ ಮೊದಲು ಅದನ್ನು ನಿಧಾನಿಸಲು ಎಷ್ಟು ಮಿಲಿಮೀಟರ್ ಜಾಗವಿದೆ ಎಂಬ ಎರಡು ಅಳತೆ ಕೈಗೆ ಸಿಕ್ಕರೆ ವಸ್ತುವಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ಏನನ್ನು ಕಾಯುತ್ತದೆ

ಬಂಪ್ ಸ್ಟಾಪ್ ಮೊದಲು ಕಾಯುವುದು ಶಾಕ್ ಅಬ್ಸಾರ್ಬರನ್ನು. ಶಾಕ್ ಪೂರ್ತಿ ಒಳಗೆ ಹೋಗಿ ತಳ ಮುಟ್ಟಿದರೆ ಒಳಗಿನ ಪಿಸ್ಟನ್ ಕೆಳಗಿನ ವಾಲ್ವಿಗೆ ಬಡಿಯುತ್ತದೆ, ಇಲ್ಲವೇ ಮೇಲಿನ ಮೌಂಟ್ ಕಿತ್ತುಬರುತ್ತದೆ. ಒಂದೆರಡು ಸಲ ಹೀಗಾದರೆ ಸೀಲ್ ಹೋಗಿ ಎಣ್ಣೆ ಸುರಿಯುತ್ತದೆ. ಶಾಕ್ ಇರುವುದು ಚಲನೆಯನ್ನು ನಿಧಾನಿಸಲಿಕ್ಕೆ. ಗಾಡಿಯ ಭಾರವನ್ನು ತಡೆದು ನಿಲ್ಲಿಸಲಿಕ್ಕಲ್ಲ.

ಎರಡನೆಯದು ಸ್ಪ್ರಿಂಗ್. ಲೀಫ್ ಸ್ಪ್ರಿಂಗಿನ ಬ್ಲೇಡುಗಳು ನೇರವಾಗಿ, ಅದನ್ನೂ ದಾಟಿ ಹಿಮ್ಮುಖವಾಗಿ ಬಾಗಿದರೆ ಬೇಗ ಕುಸಿಯುತ್ತವೆ, ಒಮ್ಮೊಮ್ಮೆ ಮುರಿಯುತ್ತವೆ. ಮೂರನೆಯದು ಸುತ್ತಲಿನ ಸಾಮಾನು: ಟೈರು ಫೆಂಡರಿಗೆ ಉಜ್ಜುವುದು, ಮುಂದಿನ ಡಿಫರೆನ್ಷಿಯಲ್ ಎಂಜಿನ್ನಿನ ಸಂಪಿಗೆ ಬಡಿಯುವುದು, ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್ ಮೆಂಬರಿಗೆ ತಾಗುವುದು, ಬ್ರೇಕ್ ಹೋಸ್ ನಡುವೆ ಸಿಕ್ಕಿಕೊಳ್ಳುವುದು. ದೊಡ್ಡ ಟೈರು ಹಾಕಿದ ಗಾಡಿಯಲ್ಲಿ ಈ ಕೊನೆಯ ಕಾವಲು ಇನ್ನೂ ಮುಖ್ಯ.

ಭಾರ ಹೊರುವ ಪಿಕಪ್‌ಗಳಲ್ಲಿ ಇದಕ್ಕೆ ಇನ್ನೊಂದು ಕೆಲಸವೂ ಉಂಟು. ಪೂರ್ತಿ ಲೋಡು ಹಾಕಿದಾಗ ಆಕ್ಸಲ್ ಸ್ಟಾಪಿನ ಹತ್ತಿರಕ್ಕೆ ಬಂದು ಆಗಾಗ ಅದರ ಮೇಲೆ ಕೂರುತ್ತದೆ. ಆಗ ಅದು ತಡೆ ಎಂಬುದಕ್ಕಿಂತ ಎರಡನೇ ಸ್ಪ್ರಿಂಗ್ ಎಂದರೆ ಸರಿ.

ನಿಲ್ಲುವ ದೂರದ ಲೆಕ್ಕ

ಟ್ರಕ್ಕಿನ ಒಂದು ಮೂಲೆಯ ಮೇಲೆ 500 ಕಿಲೋ ಭಾರವಿದೆ ಎಂದುಕೊಳ್ಳಿ. ಸ್ಪ್ರಿಂಗ್ ಮತ್ತು ಶಾಕ್ ತಮ್ಮ ಪಾಲನ್ನು ನುಂಗಿದ ಮೇಲೂ 20 ಸೆಂಟಿಮೀಟರ್ ಎತ್ತರದಿಂದ ಬಿದ್ದಷ್ಟು ಶಕ್ತಿ ಉಳಿದಿದೆ. ಅದು ಸುಮಾರು 1000 ಜೌಲ್. ಈ ಶಕ್ತಿಯನ್ನು ಬಂಪ್ ಸ್ಟಾಪ್ 20 ಮಿ.ಮೀ. ಕುಗ್ಗುವಷ್ಟರಲ್ಲಿ ತಡೆದರೆ ಸರಾಸರಿ ಬಲ 50 ಕಿಲೋನ್ಯೂಟನ್, ಅಂದರೆ ಐದು ಟನ್ ಭಾರ ಇಟ್ಟಷ್ಟು. 40 ಮಿ.ಮೀ. ಸಿಕ್ಕರೆ ಎರಡೂವರೆ ಟನ್. 80 ಮಿ.ಮೀ. ಸಿಕ್ಕರೆ ಒಂದೂಕಾಲು ಟನ್. ರಬ್ಬರ್ ಉದುರಿಹೋಗಿ ಲೋಹಕ್ಕೆ ಲೋಹ ಬಡಿದು 5 ಮಿ.ಮೀ.ಗೇ ನಿಂತಿತೋ, ಇಪ್ಪತ್ತು ಟನ್. ಮುರಿಯುವ ಬ್ರಾಕೆಟ್ಟು, ಬಾಗುವ ಆಕ್ಸಲ್ ಹೌಸಿಂಗು, ಬಿರುಕು ಬಿಡುವ ಚಾಸಿ ಎಲ್ಲದರ ಕಥೆಯೂ ಈ ಭಾಗಾಕಾರದಲ್ಲೇ ಇದೆ.

ಕಟ್ಟಡದ ಕೆಲಸದಲ್ಲಿ ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಮೇಲೆ ನಿಂತವರು ಹಿಡಿಯುವುದನ್ನು ನೋಡಿದ್ದೀರಲ್ಲ? ಇಟ್ಟಿಗೆ ಬರುವ ದಿಕ್ಕಿಗೇ ಕೈ ಸರಿಸುತ್ತ ಹಿಡಿಯುತ್ತಾರೆ. ಕೈ ಬಿಗಿಹಿಡಿದು ನಿಂತರೆ ಅಂಗೈ ಒಡೆದೀತು. ಒಳ್ಳೆಯ ಬಂಪ್ ಸ್ಟಾಪ್ ಮಾಡುವುದೂ ಅಷ್ಟೇ.

ಮೇಲೆ ಹೇಳಿದ್ದು ಸರಾಸರಿ ಬಲ. ನಿಜವಾಗಿ ಮುರಿಯುವುದು ಶಿಖರ ಬಲದಿಂದ. ಒಂದೇ ದೂರದಲ್ಲಿ ನಿಂತರೂ ಬಲ ಮೊದಲಿಂದ ಕೊನೆಯವರೆಗೆ ಸಮನಾಗಿದ್ದರೆ ಶಿಖರ ಚಿಕ್ಕದು. ಸೊನ್ನೆಯಿಂದ ಶುರುವಾಗಿ ಒಂದೇ ಸಮನೆ ಏರುತ್ತ ಹೋದರೆ ಶಿಖರ ಸರಾಸರಿಯ ಎರಡರಷ್ಟು. ಕೊನೆಯಲ್ಲಿ ಗೋಡೆಯಂತೆ ಎದ್ದರೆ ಇನ್ನೂ ಹೆಚ್ಚು. ಮಾರುವವರು ‘ಪ್ರೊಗ್ರೆಸಿವ್’ ಎಂಬ ಮಾತನ್ನು ಹೊಗಳಿಕೆಯಾಗಿಯೇ ಬಳಸುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ: ಮೆತ್ತಗೆ ಶುರುವಾಗುವ ಸ್ಟಾಪ್ ಸಣ್ಣ ಏಟನ್ನು ಒಳಗೆ ಕೂತವರಿಗೆ ತಿಳಿಯಗೊಡುವುದಿಲ್ಲ. ಆದರೆ ಕೊನೆಯ ಹತ್ತು ಮಿಲಿಮೀಟರಿನಲ್ಲಿ ಗಟ್ಟಿಯಾಗುವ ರಬ್ಬರು ದೊಡ್ಡ ಏಟನ್ನೆಲ್ಲ ಅಲ್ಲಿಗೇ ಕೂಡಿಟ್ಟಿರುತ್ತದೆ.

ತಡೆದ ಶಕ್ತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ರಬ್ಬರ್ ಅದರ ಬಹುಪಾಲನ್ನು ಹಿಂತಿರುಗಿಸುತ್ತದೆ. ನಡಿಗೆಯ ವೇಗದಲ್ಲಿ ಬಂಡೆ ಹತ್ತುವವರಿಗೆ ಇದರಿಂದ ತೊಂದರೆಯಿಲ್ಲ. ಗಂಟೆಗೆ 60–70 ಕಿಲೋಮೀಟರ್ ವೇಗದಲ್ಲಿ ಏರಿಳಿತದ ಮಣ್ಣಿನ ಹಾದಿ ಹಿಡಿದವರಿಗೆ ಮಾತ್ರ ಇದು ಅಪಾಯ: ಹಿಂದಿನ ಆಕ್ಸಲ್ ಸ್ಟಾಪಿಗೆ ಬಡಿದು ಪುಟಿದಾಗ ಗಾಡಿಯ ಹಿಂಭಾಗ ಎದ್ದು ಮೂತಿ ನೆಲಕ್ಕೆ ಇಳಿಯುತ್ತದೆ.

ರಬ್ಬರು, ಪಾಲಿಯುರೆಥೇನು, ಫೋಮು

ಕಂಪನಿಯಿಂದ ಬರುವ ಗಾಡಿಗಳಲ್ಲಿ ಹಿಂದಿನಿಂದಲೂ ಕಾಣುವುದು ಕೋನಾಕಾರದ ಗಟ್ಟಿ ರಬ್ಬರು. ಅಗ್ಗ, ವರ್ಷಗಟ್ಟಲೆ ಬಾಳುತ್ತದೆ, ತನ್ನ ಎತ್ತರದ ಅರ್ಧದಷ್ಟು ಕುಗ್ಗುತ್ತದೆ. ಕುಗ್ಗುವಾಗ ಪಕ್ಕಕ್ಕೆ ಉಬ್ಬುತ್ತದೆ; ಅದನ್ನು ಬಟ್ಟಲಿನಂಥ ಕಪ್ಪಿನೊಳಗೆ ಕೂರಿಸಿದ್ದರೆ ಉಬ್ಬಲು ಜಾಗ ಸಿಗದೆ ಇನ್ನಷ್ಟು ಗಟ್ಟಿಯಾಗುತ್ತದೆ. ಎಣ್ಣೆ, ಗ್ರೀಸು ತಾಗಿದರೆ ಊದಿಕೊಳ್ಳುತ್ತದೆ, ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿದರೆ ಬಿರುಕು ಬಿಡುತ್ತದೆ.

ಘನ ಪಾಲಿಯುರೆಥೇನಿನ ಸ್ಟಾಪುಗಳು ಕೆಂಪು, ಕಪ್ಪು ಬಣ್ಣಗಳಲ್ಲಿ ಚೆಂದವಾಗಿ ಕಾಣುತ್ತವೆ. ಎನರ್ಜಿ ಸಸ್ಪೆನ್ಷನ್, ಡೇಸ್ಟಾರ್‌ನಂಥ ಅಮೆರಿಕದ ಕಂಪನಿಗಳು ಇವಕ್ಕೆ ಹೆಸರಾಗಿವೆ. ಸಾಮಾನ್ಯ ರಬ್ಬರಿಗಿಂತ ಗಡಸು, ಹರಿಯುವುದಿಲ್ಲ, ಎಣ್ಣೆಗೆ ಜಗ್ಗುವುದಿಲ್ಲ. ಆದರೆ ಎತ್ತರದ ಮೂರನೇ ಒಂದರಷ್ಟು ಕುಗ್ಗಿದರೆ ಹೆಚ್ಚು. ‘ಗಟ್ಟಿ’ ಎಂಬುದನ್ನೇ ಗುಣವೆಂದು ನಂಬಿ ಇದನ್ನು ಕೊಳ್ಳುವವರು ಬಹಳ. ನನ್ನ ಮಟ್ಟಿಗೆ, ಚಕ್ರವನ್ನು ಒಂದು ಗೊತ್ತಾದ ಜಾಗದಲ್ಲಿ ನಿಲ್ಲಿಸಿದರೆ ಸಾಕು, ವೇಗದ ಏಟು ಬೀಳುವುದಿಲ್ಲ ಎಂಬ ಕಡೆಗೆ ಮಾತ್ರ ಇದು ಸರಿ.

ಮೂರನೆಯ ಬಗೆ ಮೈಕ್ರೋಸೆಲ್ಯುಲರ್ ಪಾಲಿಯುರೆಥೇನ್: ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಳಿಗೂಡುಗಳಿರುವ ದಟ್ಟ ಫೋಮು. ಕೈಯಲ್ಲಿ ಹಿಡಿದರೆ ರಬ್ಬರಿಗಿಂತ ಎಷ್ಟೋ ಹಗುರ, ಕತ್ತರಿಸಿದರೆ ಬ್ರೆಡ್ಡಿನ ತಿರುಳಿನ ಹಾಗೆ ಕಾಣುತ್ತದೆ. ಒತ್ತಿದಾಗ ಮೊದಲು ಗಾಳಿಗೂಡುಗಳು ಮುಚ್ಚಿಕೊಳ್ಳುವುದರಿಂದ ಪಕ್ಕಕ್ಕೆ ಹೆಚ್ಚು ಉಬ್ಬದೆ ಉದ್ದಕ್ಕೆ ಕುಗ್ಗುತ್ತದೆ. ಬಿಎಎಸ್ಎಫ್ ಕಂಪನಿಯ ಸೆಲ್ಲಾಸ್ಟೊ ಈ ಜಾತಿಯದು. ಇಂದಿನ ಕಾರುಗಳ ಶಾಕ್ ರಾಡಿನ ಮೇಲೆ ಹಳದಿಯೋ ಕಂದೋ ಆದ ಮಡಿಕೆ ಮಡಿಕೆಯ ಕೊಳವೆಯೊಂದು ಇರುತ್ತದಲ್ಲ, ಅದು ಈ ವಸ್ತುವಿನದೇ. ಎತ್ತರದ ಮೂರನೇ ಎರಡರಷ್ಟನ್ನು ಧಾರಾಳವಾಗಿ ಕುಗ್ಗಬಲ್ಲದು; ಒಳ್ಳೆಯ ಮಾಲು 80 ಶೇಕಡಾದವರೆಗೂ ಹೋಗುತ್ತದೆ. ಟೊಯೊಟಾ ಪಿಕಪ್‌ಗಳಿಗೆ ಅಮೆರಿಕದಲ್ಲಿ ಸಿಗುವ ಡ್ಯೂರೋಬಂಪ್ಸ್‌ನಂಥವು ಈ ಬಗೆಯವು.

ಟಿಂಬ್ರೆನ್ ಕಂಪನಿಯವು ಬೇರೆ ದಾರಿ ಹಿಡಿದಿವೆ: ಒಳಗೆ ಟೊಳ್ಳಾದ ದಪ್ಪ ರಬ್ಬರಿನ ಸ್ಪ್ರಿಂಗು. ಟೊಳ್ಳಿನಿಂದಾಗಿ ಗಟ್ಟಿ ರಬ್ಬರಿಗಿಂತ ಹೆಚ್ಚು ಕುಗ್ಗುತ್ತದೆ, ರಬ್ಬರಾದ್ದರಿಂದ ಹೆಚ್ಚು ಕಾಲ ಭಾರ ಹೊರುತ್ತದೆ. ಸದಾ ಲೋಡಿನಲ್ಲಿ ಓಡುವ, ಮೇಲೆ ಟೆಂಟು, ಹಿಂದೆ ನೀರಿನ ಟ್ಯಾಂಕು ಹೊತ್ತ ಗಾಡಿಗೆ ಇದು ಹೊಂದುತ್ತದೆ.

ಮಳೆನಾಡಿನಲ್ಲಿ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಪಾಲಿಯುರೆಥೇನಿನಲ್ಲಿ ಎಸ್ಟರ್ ಮೂಲದ್ದು, ಈಥರ್ ಮೂಲದ್ದು ಎಂದು ಎರಡುಂಟು. ಎಸ್ಟರ್ ಮೂಲದ್ದು ತೇವ ಮತ್ತು ಬಿಸಿ ಎರಡೂ ಸೇರಿದಲ್ಲಿ ವರ್ಷಗಳು ಕಳೆದಂತೆ ಒಡೆದು ಪುಡಿಯಾಗುತ್ತದೆ. ಈಥರ್ ಮೂಲದ್ದು ನೀರಿಗೆ ಹೆಚ್ಚು ತಾಳುತ್ತದೆ. ಪೆಟ್ಟಿಗೆಯ ಮೇಲೆ ಬರೆದಿಲ್ಲದಿದ್ದರೆ ಮಾರುವವರನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಗ್ಯಾಸು, ಎಣ್ಣೆಯ ಸ್ಟಾಪುಗಳು

ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪದಲ್ಲಿ 1967ರಲ್ಲಿ ಶುರುವಾದ ಬಾಹಾ 1000, ಕ್ಯಾಲಿಫೋರ್ನಿಯಾದ ಜಾನ್ಸನ್ ವ್ಯಾಲಿಯಲ್ಲಿ 2007ರಿಂದ ನಡೆಯುತ್ತಿರುವ ಕಿಂಗ್ ಆಫ್ ದ ಹ್ಯಾಮರ್ಸ್, ಇಂಥ ಸ್ಪರ್ಧೆಗಳ ಗಾಡಿಗಳಲ್ಲಿ ರಬ್ಬರು ಸಾಲುವುದಿಲ್ಲ. ಅಲ್ಲಿ ಬಳಕೆಯಲ್ಲಿರುವುದು ಹೈಡ್ರಾಲಿಕ್ ಬಂಪ್ ಸ್ಟಾಪು. ನೋಡಲು ಕುಳ್ಳಗಿನ ಶಾಕಿನಂತೆಯೇ ಇರುತ್ತದೆ: ದಪ್ಪ ರಾಡು, ಒಳಗೆ ಎಣ್ಣೆ, ಎಣ್ಣೆಯ ಮೇಲೆ ನೈಟ್ರೋಜನ್. ಫಾಕ್ಸ್, ಕಿಂಗ್ ಕಂಪನಿಗಳ 2 ಇಂಚು ವ್ಯಾಸದ ಸ್ಟಾಪುಗಳು 2ರಿಂದ 4 ಇಂಚು ಓಟದಲ್ಲಿ, ಅಂದರೆ ರಾಡು ಒಳಹೋಗುವ ದೂರದಲ್ಲಿ, ಸಿಗುತ್ತವೆ.

ಇದರ ಹೆಚ್ಚುಗಾರಿಕೆ ಎಣ್ಣೆಯಲ್ಲಿದೆ. ರಾಡು ಒಳನುಗ್ಗುವಾಗ ಎಣ್ಣೆ ಸಣ್ಣ ರಂಧ್ರಗಳಿಂದ ತೂರಿಹೋಗಬೇಕು. ಏಟು ಎಷ್ಟು ವೇಗದ್ದೋ ತಡೆಯೂ ಅಷ್ಟು ದೊಡ್ಡದು, ಶಕ್ತಿ ಶಾಖವಾಗಿ ಹೋಗುತ್ತದೆ, ಪುಟಿತ ಕಡಿಮೆ. ಬಲ ಮೊದಲಿನಿಂದಲೇ ಮೇಲಿದ್ದು ಕೊನೆಯವರೆಗೆ ಹೆಚ್ಚು ಏರುಪೇರಾಗದೆ ಇರುವುದರಿಂದ ಶಿಖರ ಬಲವೂ ಹತೋಟಿಯಲ್ಲಿರುತ್ತದೆ. ಗ್ಯಾಸಿನ ಪಾಲು ಸ್ಪ್ರಿಂಗಿನದು. 35 ಮಿ.ಮೀ. ದಪ್ಪದ ರಾಡಿನ ಮೇಲೆ 200 ಪಿಎಸ್ಐ ಒತ್ತಡವಿದ್ದರೆ ಅದನ್ನು ಅಲುಗಿಸಲು ಬೇಕಾಗುವ ಬಲ ಸುಮಾರು 135 ಕಿಲೋ. ಗ್ಯಾಸಿನ ಜಾಗ ಆರನೇ ಒಂದಕ್ಕೆ ಇಳಿದಾಗ ಅದು ಆರರಷ್ಟಕ್ಕಿಂತಲೂ ಮೇಲೇರುತ್ತದೆ, ಏಕೆಂದರೆ ಒತ್ತಿದ ಗ್ಯಾಸು ಬಿಸಿಯೂ ಆಗುತ್ತದೆ.

ಒತ್ತಡವನ್ನು ರಾಡು ಪೂರ್ತಿ ಹೊರಗಿರುವಾಗಲೇ ನೋಡಬೇಕು. ಒಳಗಿರುವ ಗ್ಯಾಸು ಅತಿ ಸ್ವಲ್ಪ. ಗೇಜು ಸಿಕ್ಕಿಸಿದ ಕ್ಷಣಕ್ಕೇ ಅದರ ಕೊಳವೆಯೊಳಕ್ಕೆ ಒಂದಿಷ್ಟು ಹೋಗಿ ಮುಳ್ಳು ಕಡಿಮೆ ತೋರಿಸುತ್ತದೆ. ‘ಇಳಿದಿದೆ’ ಎಂದುಕೊಂಡು ದಿನಾ ಗೇಜು ಹಾಕಿ ನೋಡುವವರು ತಾವೇ ಅದನ್ನು ಇಳಿಸುತ್ತಿರುತ್ತಾರೆ.

ಜೋಡಿಗೆ ಹಲವು ನೂರು ಡಾಲರ್, ಮೇಲೆ ಸಾಗಣೆ ಮತ್ತು ಸುಂಕ. ಅದನ್ನು ಹಿಡಿಯುವ ಉಕ್ಕಿನ ಕೊಳವೆಯನ್ನು ಚಾಸಿಗೆ ಬೆಸೆಯಬೇಕು, ಆಕ್ಸಲ್ ಮೇಲೆ ಚಪ್ಪಟೆ ಪ್ಯಾಡು ಕೊಡಬೇಕು. ನೈಟ್ರೋಜನ್ ತುಂಬುವ, ಸೀಲು ಬದಲಿಸುವ ಅಂಗಡಿ ಹತ್ತಿರದಲ್ಲಿರಬೇಕು. ಇದಿಷ್ಟೂ ಇಲ್ಲದವರು ಇದರ ಆಸೆ ಬಿಡುವುದು ಒಳ್ಳೆಯದು.

ಹೆಸರಾಂತ ಸಸ್ಪೆನ್ಷನ್ ಇದ್ದ ಗಾಡಿಯಲ್ಲೂ ಏಟಿನ ಬಲ ಚಾಸಿಯನ್ನು ಹುಡುಕಿಕೊಂಡು ಬರುತ್ತದೆ ಎಂಬುದಕ್ಕೆ ಫೋರ್ಡ್ ಎಫ್-150 ರಾಪ್ಟರ್ ಉದಾಹರಣೆ. ಮರುಭೂಮಿಯ ಓಟಕ್ಕೆಂದೇ ಫಾಕ್ಸ್ ಶಾಕುಗಳೊಂದಿಗೆ ಬಂದ ಟ್ರಕ್ಕು ಅದು. 2011ರ ಹೊತ್ತಿಗೆ ಅಮೆರಿಕದಲ್ಲಿ ಕೆಲವರ ರಾಪ್ಟರ್‌ಗಳ ಚಾಸಿ ಹಿಂದಿನ ಆಕ್ಸಲ್‌ನ ಆಸುಪಾಸಿನಲ್ಲಿ ಬಾಗಿತ್ತು. ಅತಿವೇಗದಲ್ಲಿ ಏಟು ಬಿದ್ದಾಗ ಆದದ್ದು. ಆಮೇಲೆ ಅದೇ ಗಾಡಿಗೆಂದು ಉತ್ತಮ ಹಿಂಬದಿ ಸ್ಟಾಪುಗಳೂ ಚಾಸಿಗೆ ಬಲ ಕೊಡುವ ತಗಡುಗಳೂ ಮಾರುಕಟ್ಟೆಗೆ ಬಂದವು.

ಅಳತೆ ತೆಗೆಯುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಒಂದು ಭಾನುವಾರ ಇದಕ್ಕೇ ಮೀಸಲಿಡಬಹುದು. ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಕಾಯಿಲ್ ಸ್ಪ್ರಿಂಗುಗಳನ್ನು ತೆಗೆಯಿರಿ. ಲೀಫ್ ಇದ್ದರೆ ಆಕ್ಸಲ್ ಜಾಗ ತಪ್ಪದಂತೆ ಮುಖ್ಯ ಬ್ಲೇಡೊಂದನ್ನು ಉಳಿಸಿ ಮಿಕ್ಕವನ್ನು ಬಿಚ್ಚಿ. ಶಾಕನ್ನೂ ಹಳೆಯ ಸ್ಟಾಪನ್ನೂ ಕಳಚಿ. ಗಾಡಿಯಲ್ಲಿ ಓಡಿಸುವ ಟೈರನ್ನೇ ಹಾಕಿ, ಆಕ್ಸಲ್ ಅಡಿಗೆ ಜಾಕ್ ಕೊಟ್ಟು ನಿಧಾನಕ್ಕೆ ಎತ್ತುತ್ತ ಹೋಗಿ.

ಏನಾದರೂ ಒಂದು ತಾಗುವ ಹಂತಕ್ಕೆ ಬಂದಾಗ ನಿಲ್ಲಿಸಿ. ಸ್ಟಿಯರಿಂಗನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ ಮತ್ತೆ ನೋಡಿ. ಆಮೇಲೆ ಒಂದು ಬದಿಯನ್ನು ಮಾತ್ರ ಎತ್ತಿ, ಇನ್ನೊಂದನ್ನು ಜೋತುಬಿಡಿ. ಎರಡೂ ಚಕ್ರ ಒಟ್ಟಿಗೆ ಏರಿದಾಗ ತಾಗದ ಟೈರು ಆಕ್ಸಲ್ ಓರೆಯಾದಾಗ ಫೆಂಡರಿನ ಒಳಬದಿಗೋ ಚಾಸಿಗೋ ತಾಗುತ್ತದೆ. ಬಂಡೆ ಹತ್ತುವವರಿಗೆ ಈ ಭಂಗಿಯೇ ಹೆಚ್ಚು. ಬ್ರೇಕ್ ಹೋಸು, ಎಬಿಎಸ್ ವೈರು, ಸೈಲೆನ್ಸರ್ ಪೈಪುಗಳ ಮೇಲೂ ಬೆರಳಾಡಿಸಿ. ಎಲ್ಲಕ್ಕಿಂತ ಮೊದಲು ಯಾವುದು ತಾಗುತ್ತದೋ ಅದಕ್ಕಿಂತ 12 ಮಿ.ಮೀ. ಹಿಂದೆ ಒಂದು ಗುರುತು ಹಾಕಿಕೊಳ್ಳಿ.

ಈಗ ಶಾಕ್. ಅದನ್ನು ಪೂರ್ತಿ ಒತ್ತಿ ಒಂದು ಕಣ್ಣಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ ಅಳೆಯಿರಿ. ಗುರುತು ಹಾಕಿದ ಜಾಗದಲ್ಲಿ ಎರಡು ಮೌಂಟುಗಳ ಅಂತರ ಈ ಅಳತೆಗಿಂತ ಕನಿಷ್ಠ 12 ಮಿ.ಮೀ. ಹೆಚ್ಚಿರಬೇಕು. ಇಲ್ಲದಿದ್ದರೆ ಚಕ್ರ ನಿಲ್ಲುವ ಜಾಗವನ್ನು ಇನ್ನೂ ಕೆಳಕ್ಕೆ ತರಬೇಕು, ಇಲ್ಲವೇ ಚಿಕ್ಕ ಶಾಕ್ ಹುಡುಕಬೇಕು.

ಚಕ್ರ ನಿಲ್ಲಬೇಕಾದ ಜಾಗ ಗೊತ್ತಾಯಿತು. ಆ ಸ್ಥಿತಿಯಲ್ಲಿ ಚಾಸಿಯ ಬ್ರಾಕೆಟ್ಟಿಗೂ ಆಕ್ಸಲ್ ಪ್ಯಾಡಿಗೂ ಇರುವ ಸಂದು 40 ಮಿ.ಮೀ. ಎಂದಿಟ್ಟುಕೊಳ್ಳಿ. ಪೂರ್ತಿ ಕುಗ್ಗಿದ ಸ್ಟಾಪ್ ಇಷ್ಟೇ ಎತ್ತರ ಇರಬೇಕು. ಮೂರನೇ ಒಂದರಷ್ಟು ಮಾತ್ರ ಕುಗ್ಗುವ ಘನ ಪಾಲಿಯುರೆಥೇನ್ ಆದರೆ 60 ಮಿ.ಮೀ. ಎತ್ತರದ್ದು ಬೇಕು, ನಿಲ್ಲುವ ದೂರ 20 ಮಿ.ಮೀ. ಅರ್ಧ ಕುಗ್ಗುವ ರಬ್ಬರಾದರೆ 80 ಮಿ.ಮೀ. ಎತ್ತರ, ದೂರ 40. ಮೂರನೇ ಎರಡರಷ್ಟು ಕುಗ್ಗುವ ಫೋಮಾದರೆ 120 ಮಿ.ಮೀ. ಎತ್ತರ, ದೂರ 80. ಮೂರೂ ಚಕ್ರವನ್ನು ಒಂದೇ ಕಡೆ ನಿಲ್ಲಿಸುತ್ತವೆ. ಚಾಸಿಗೆ ಬೀಳುವ ಏಟು ಮಾತ್ರ ಆಗ ಹಾಕಿದ ಲೆಕ್ಕದಂತೆ ಐದು ಟನ್, ಎರಡೂವರೆ ಟನ್, ಒಂದೂಕಾಲು ಟನ್.

ಹಾಗಾದರೆ ಎಲ್ಲರೂ ಫೋಮನ್ನೇ ಹಾಕಬಹುದಲ್ಲ? ಗಾಡಿ ಸುಮ್ಮನೆ ನಿಂತಾಗ ಚಕ್ರಕ್ಕೆ ಮೇಲೇರಲು 100 ಮಿ.ಮೀ. ಮಾತ್ರ ಇದ್ದರೆ 120 ಮಿ.ಮೀ. ಎತ್ತರದ ಸ್ಟಾಪಿಗೂ ಪ್ಯಾಡಿಗೂ ನಡುವೆ ಉಳಿಯುವುದು ಬರೀ 20 ಮಿ.ಮೀ. ನಾಲ್ಕು ಜನ ಹತ್ತಿ ಸಾಮಾನು ಏರಿದರೆ ಅದೂ ಇಲ್ಲ. ಆಮೇಲೆ ಗಾಡಿ ಸ್ಪ್ರಿಂಗಿನ ಮೇಲಲ್ಲ, ಸ್ಟಾಪಿನ ಮೇಲೆಯೇ ಓಡುತ್ತಿರುತ್ತದೆ. ಆದ್ದರಿಂದ ಲೋಡು ಹಾಕಿದ ಸ್ಥಿತಿಯಲ್ಲಿ ಸಂದನ್ನು ಅಳೆಯದೆ ಎತ್ತರದ ಸ್ಟಾಪು ಕೊಳ್ಳಬಾರದು.

ಎಲ್ಲಿ ಕೂರಿಸಿದೆ ಎಂಬುದು

ಟೊಯೊಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಎರಡರಲ್ಲೂ ಹಿಂದೆ ಲೀಫ್ ಸ್ಪ್ರಿಂಗಿನ ಮೇಲೆ ಗಟ್ಟಿ ಆಕ್ಸಲ್, ಮುಂದೆ ಡಬಲ್ ವಿಶ್‌ಬೋನ್. ಹಿಂದೆ ಲೆಕ್ಕ ಸರಳ: ಸ್ಟಾಪ್ ಆಕ್ಸಲ್ ಮೇಲೆಯೇ ಬೀಳುತ್ತದೆ. ಮುಂದೆ ಹಾಗಲ್ಲ. ಇಂಥ ಗಾಡಿಗಳಲ್ಲಿ ಮುಂದಿನ ಸ್ಟಾಪು ಲೋವರ್ ಆರ್ಮಿಗೆ ತಾಗುವುದು ಸಾಮಾನ್ಯ. ಆರ್ಮಿನ ಕೀಲಿಗೂ ಬಾಲ್ ಜಾಯಿಂಟಿಗೂ ಸರಿಯಾಗಿ ನಡುವೆ ಅದು ತಾಗಿದರೆ ಚಕ್ರ 80 ಮಿ.ಮೀ. ಏರಿದಾಗ ಸ್ಟಾಪು ಕುಗ್ಗುವುದು 40 ಮಿ.ಮೀ. ಮಾತ್ರ, ಅದರ ಮೇಲೆ ಬೀಳುವ ಬಲ ಚಕ್ರದಲ್ಲಿರುವುದರ ಎರಡರಷ್ಟು. ಹಿಂದೆ ಸರಿಹೋದ ಸ್ಟಾಪನ್ನೇ ಮುಂದೆಯೂ ಹಾಕಿ ಬ್ರಾಕೆಟ್ಟು ಕಿತ್ತುಹೋಯಿತು ಎಂದು ಬೇಸರಪಡುವವರು ಈ ಲೆಕ್ಕವನ್ನು ಬಿಟ್ಟಿರುತ್ತಾರೆ.

ಮಾರುತಿ ಜಿಪ್ಸಿಯಲ್ಲಿ ನಾಲ್ಕೂ ಕಡೆ ಲೀಫ್, ಎರಡೂ ಗಟ್ಟಿ ಆಕ್ಸಲ್. ಜಿಮ್ನಿಯಲ್ಲಿ ಎರಡೂ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. 2020ರ ಥಾರ್‌ನಲ್ಲಿ ಮುಂದೆ ಇಂಡಿಪೆಂಡೆಂಟ್, ಹಿಂದೆ ಕಾಯಿಲ್ ಮೇಲಿನ ಗಟ್ಟಿ ಆಕ್ಸಲ್. ಒಂದರ ಅಳತೆ ಇನ್ನೊಂದಕ್ಕೆ ಬರುವುದಿಲ್ಲ.

ಲಿಫ್ಟ್ ಮಾಡಿದ ಮೇಲೆ

ಎರಡು ಇಂಚು ಎತ್ತರಿಸಿದೆವು, ಸ್ಟಾಪನ್ನೂ ಎರಡು ಇಂಚು ಕೆಳಗಿಳಿಸೋಣ ಎಂಬುದು ಗ್ಯಾರೇಜಿನ ಸಿದ್ಧ ಸೂತ್ರ. ಉದ್ದದ ಸ್ಪ್ರಿಂಗ್ ಹಾಕಿ ಹಳೆಯ ಶಾಕನ್ನೇ ಉಳಿಸಿಕೊಂಡಿದ್ದರೆ ಮೇಲಿನ ಕೊನೆ ಬದಲಾಗಿರುವುದೇ ಇಲ್ಲ. ಆಗ ಸ್ಟಾಪ್ ಇಳಿಸಿದರೆ ಸಿಕ್ಕ ಓಟವನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಉದ್ದದ ಶಾಕ್ ಹಾಕಿದ್ದರೆ ಅದರ ಕುಗ್ಗಿದ ಉದ್ದವೂ ಹೆಚ್ಚಿರುತ್ತದೆ, ಆಗ ಇಳಿಸಲೇಬೇಕು, ಆದರೆ ಎಷ್ಟು ಎಂಬುದನ್ನು ಶಾಕೇ ಹೇಳುತ್ತದೆ. ದೊಡ್ಡ ಟೈರು ಹಾಕಿದ್ದರೆ ಫೆಂಡರು ಹೇಳುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಮುಂದಿನ ಸ್ಟ್ರಟ್ಟಿನ (ಶಾಕೂ ಸ್ಪ್ರಿಂಗೂ ಒಂದಾಗಿರುವ ಜೋಡಣೆಯ) ತಲೆಯ ಮೇಲೆ ಸ್ಪೇಸರ್ ಕೂರಿಸುವ ಅಗ್ಗದ ಲಿಫ್ಟಿನಲ್ಲಿ. ಸ್ಪೇಸರಿನಷ್ಟು ಸ್ಟ್ರಟ್ಟು ಕೆಳಗಿಳಿದಿರುವುದರಿಂದ ಲೋವರ್ ಆರ್ಮು ತನ್ನ ಸ್ಟಾಪನ್ನು ಮುಟ್ಟುವ ಮೊದಲೇ ಸ್ಟ್ರಟ್ಟಿನ ಓಟ ಮುಗಿದುಹೋಗುತ್ತದೆ. ಏಟು ಬೀಳುವುದು ಸ್ಟ್ರಟ್ಟಿನ ಒಳಗೆ, ಸ್ಟಾಪು ಸುಮ್ಮನೆ ನೋಡುತ್ತಿರುತ್ತದೆ.

ಯಾವ ಹಾದಿಗೆ ಯಾವುದು

ಕೊಡಚಾದ್ರಿಗೋ ಮಾಂದಲ್‌ಪಟ್ಟಿಗೋ ಪ್ರವಾಸಿಗರನ್ನು ತುಂಬಿಕೊಂಡು ಹತ್ತುವ ಜೀಪುಗಳ ಹಾದಿ ನಿಧಾನದ್ದು, ಭಾರ ಹೆಚ್ಚಿನದು, ಕಲ್ಲು ಚರಂಡಿಗಳದು. ಅಲ್ಲಿ ವೇಗದ ಏಟಿಗಿಂತ ಸಂದು ಮುಚ್ಚಿಹೋಗುವುದೇ ಸಮಸ್ಯೆ. ಕುಸಿದ ಬ್ಲೇಡನ್ನು ಮೊದಲು ಸರಿಮಾಡಿಸಿ, ಸರಿಯಾದ ಎತ್ತರದ ಕಂಪನಿ ರಬ್ಬರನ್ನೋ ಟೊಳ್ಳು ರಬ್ಬರನ್ನೋ ಹಾಕಿದರೆ ಸಾಕು. ಸಕಲೇಶಪುರದ ತೋಟಗಳ ಕೆಸರಿನಲ್ಲಿ ವಾರಾಂತ್ಯ ಕಳೆಯುವವರಿಗೂ ಹೈಡ್ರಾಲಿಕ್ ಅಗತ್ಯ ನನಗಂತೂ ಕಾಣುವುದಿಲ್ಲ. ಮೈಕ್ರೋಸೆಲ್ಯುಲರ್ ಫೋಮು ಅವರ ಎಲ್ಲ ಏಟನ್ನೂ ತಡೆಯುತ್ತದೆ. ರಾಜಸ್ಥಾನದ ಮರಳಿನಲ್ಲಿ ರ್‍ಯಾಲಿ ಓಡಿಸುವವರು, ಗಾಡಿಯನ್ನು ಗಾಳಿಗೆ ಹಾರಿಸುವವರು ಗ್ಯಾಸಿನ ಸ್ಟಾಪಿಗೆ ದುಡ್ಡು ಹಾಕಿದರೆ ಅದಕ್ಕೆ ಅರ್ಥವಿದೆ.

ಹಾಕಿದ ಮೇಲೆ

ಎಷ್ಟು ಬಳಕೆಯಾಗುತ್ತಿದೆ ಎಂದು ತಿಳಿಯಲು ಶಾಕಿನ ರಾಡಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ ಬುಡಕ್ಕೆ ತಳ್ಳಿಡಿ. ಓಡಿಸಿ ಬಂದ ಮೇಲೆ ಅದು ನಿಂತ ಜಾಗವೇ ಶಾಕ್ ಒಳಹೋದ ಗಡಿ. ಆಕ್ಸಲ್ ಪ್ಯಾಡಿಗೆ ಮಕ್ಕಳ ಆಟದ ಜೇಡಿಮಣ್ಣಿನ ಉಂಡೆ ಮೆತ್ತಿದರೆ ಸ್ಟಾಪು ಮುಟ್ಟಿತೋ ಇಲ್ಲವೋ, ನಡುವಿಗೆ ಬಿತ್ತೋ ಅಂಚಿಗೆ ಬಿತ್ತೋ ಅಚ್ಚಾಗಿ ಉಳಿಯುತ್ತದೆ. ಅಂಚಿಗೆ ಬೀಳುತ್ತಿದ್ದರೆ ಫೋಮು ಸೀಳುತ್ತದೆ, ಹೈಡ್ರಾಲಿಕ್ ಆದರೆ ರಾಡು ಬಾಗುತ್ತದೆ. ಬೋಲ್ಟನ್ನು ಮೊದಲ ಓಟದ ನಂತರ ಮತ್ತೆ ಬಿಗಿಯಿರಿ, ಬ್ರಾಕೆಟ್ಟಿನ ವೆಲ್ಡಿಂಗ್ ಸುತ್ತ ಕೂದಲೆಳೆಯ ಬಿರುಕು, ತುಕ್ಕಿನ ಗೆರೆ ಇದೆಯೇ ನೋಡಿ. ಗಟ್ಟಿ ಸ್ಟಾಪು ಹಾಕಿ ದುರ್ಬಲ ಬ್ರಾಕೆಟ್ಟನ್ನು ಹಾಗೇ ಬಿಟ್ಟರೆ ಮುರಿಯುವ ಸರದಿ ಬ್ರಾಕೆಟ್ಟಿನದು.

ಸವೆದ ರಬ್ಬರನ್ನು ಅದೇ ಅಳತೆಯದರಿಂದ ಬದಲಿಸುವುದು ಸಾಮಾನ್ಯ ರಿಪೇರಿ. ಅದರ ನೆಪದಲ್ಲಿ ಲಿಫ್ಟು, ಚಾಸಿಗೆ ಬೆಸುಗೆ ಎಂದು ಮುಂದುವರಿದರೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಅಡ್ಡಬರುತ್ತದೆ: ತಯಾರಕರು ನೀಡಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ ಅದು ಕಡಿವಾಣ ಹಾಕಿದೆ. ಸ್ಪರ್ಧೆಯ ಗಾಡಿಯನ್ನು ಟ್ರೈಲರಿನ ಮೇಲೆ ಸಾಗಿಸುವವರ ಮಾತು ಬೇರೆ. ಅದೇ ಗಾಡಿಯಲ್ಲಿ ಸೋಮವಾರ ಆಫೀಸಿಗೂ ಹೋಗುವವರು ಗ್ಯಾರೇಜಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಯಲ್ಲೊಮ್ಮೆ ವಿಚಾರಿಸಿಕೊಳ್ಳಬೇಕು.